ರಿಪೇರಿ ಮಾಡುವವರು ಎಂದೆ

ನನಗೆ ಪಿಟೀಲು ಕಲಿಸಿದ ಗುರುವನ್ನು, ಅವರ ಎದುರಿಗೇ, ನಾಲ್ಕು ಜನ ಕೇಳುವಂತೆ, 'ಪಿಟೀಲು ರಿಪೇರಿ ಮಾಡುವವರು' ಎಂದು ಹೇಳಿದೆ. ಬಾಯಿ ತಪ್ಪಿ ಬಂದ ಮಾತಲ್ಲ. ಯೋಚಿಸಿ ಹೇಳಿದ್ದು — ಅರೆಗಳಿಗೆಯ ಯೋಚನೆಯಾದರೂ ಯೋಚನೆಯೇ. ಹದಿನಾಲ್ಕು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸನ್ಮಾನದ ಶಾಲು ಹೊದೆಸಿಕೊಂಡಿದ್ದೇನೆ.

ಅವರು ದಸ್ತಗೀರ ಮಾಸ್ತರ. ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಅವರ ಬ್ಯಾಂಡ್ ಕಂಪನಿ ಇತ್ತು. ಮದುವೆ ಮೆರವಣಿಗೆಯಲ್ಲಿ ಕೆಂಪು ಕೋಟು ಹಾಕಿಕೊಂಡು ಕ್ಲಾರಿನೆಟ್ ಊದುತ್ತಿದ್ದರು. ಅದಕ್ಕೂ ಮೊದಲು ನಾಟಕ ಕಂಪನಿಯಲ್ಲಿ ಪಿಟೀಲು ನುಡಿಸುತ್ತಿದ್ದವರು. ಕಂಪನಿ ಮುಚ್ಚಿದ ಮೇಲೆ ಪಿಟೀಲು ಮನೆಯೊಳಗೆ ಉಳಿಯಿತು. ನಮ್ಮದು ಅಮರಗೋಳದಲ್ಲಿ ಕಾಳಿನ ವ್ಯಾಪಾರ. ಅಣ್ಣನ ಮದುವೆಗೆ ಬಂದಿದ್ದ ಮಾಸ್ತರ ಬೆನ್ನು ಹತ್ತಿ, ಅವರ ಮನೆಯ ಪಿಟೀಲು ಕಂಡು ಕಲಿಸಿರೆಂದು ಹಟ ಹಿಡಿದಾಗ ನನಗೆ ಹತ್ತು ವರ್ಷ. ಒಂಬತ್ತು ವರ್ಷ ಅವರಲ್ಲಿ ಕಲಿತೆ. ಡೋಲುಗಳನ್ನು ಪೇರಿಸಿಟ್ಟ ಕೋಣೆಯಲ್ಲಿ ಕೂರಿಸಿ, ಮೊದಲ ಮೂರು ತಿಂಗಳು ಒಂದೇ ತಂತಿಯ ಮೇಲೆ ಕಮಾನು ಎಳೆಯುವುದನ್ನಷ್ಟೇ ಕಲಿಸಿದರು.

"ಅವಸರ ಮಾಡಬ್ಯಾಡ ಶಿವೂ. ಸ್ವರ ಮುಗಿಯೂದರೊಳಗ ಕಮಾನು ಮುಗೀಬಾರದು" ಎನ್ನುತ್ತಿದ್ದರು.

ಆಮೇಲೆ ಧಾರವಾಡದ ದೊಡ್ಡ ಪಂಡಿತರೊಬ್ಬರ ಬಳಿ ಹೋದೆ. ಅಲ್ಲಿದ್ದದ್ದು ಒಂದೂವರೆ ವರ್ಷ. ಮೊದಲ ದಿನವೇ ಅವರು ಕೇಳಿದರು: "ಕೈ ಛಲೋ ಕೂತದಲ್ಲೋ, ಯಾರ ಹತ್ರ ಕಲತಿ?"

"ನಾನ ಮನ್ಯಾಗ ಸಾಧನಾ ಮಾಡೇನ್ರಿ" ಎಂದೆ.

ಅಪ್ಪನ ಹೆದರಿಕೆಯಿಂದ ಹಾಗೆಂದೆ ಎಂದು ಬರೆಯಬಹುದು. ಸುಳ್ಳಾಗುತ್ತದೆ. ಹಬ್ಬಕ್ಕೆ ಮಾಸ್ತರ ಮನೆಗೆ ಜೋಳದ ಚೀಲ ಕಳಿಸುತ್ತಿದ್ದವನೇ ಅಪ್ಪ. ನಾಚಿಕೆ ನನ್ನದು. ಆ ಕೆಂಪು ಕೋಟಿನ ನಾಚಿಕೆ. ಅವರ ಜಾತಿಯ, ಅವರ ಹೆಸರಿನ ನಾಚಿಕೆ ಇರಲಿಲ್ಲವೆನ್ನಲು... ಇಲ್ಲ, ಅದನ್ನೂ ಹೇಳಲಾರೆ.

ಪಂಡಿತರ ಶಿಷ್ಯ ಎಂದೇ ನನ್ನ ಹೆಸರು ಬೆಳೆಯಿತು. ರೇಡಿಯೋ, ಕಚೇರಿಗಳು, ಧಾರವಾಡದಲ್ಲಿ ಸ್ವಂತ ಸಂಗೀತ ಕ್ಲಾಸು. ಆ ಓಣಿಗೆ ಕಾಲಿಡದೆ ವರ್ಷಗಳು ಕಳೆದವು.

ಹದಿನಾಲ್ಕು ವರ್ಷದ ಹಿಂದೆ ನನಗೊಂದು ಸನ್ಮಾನ. ಕಾರ್ಯಕ್ರಮ ಮುಗಿದು ವೇದಿಕೆಯ ಹಿಂದಿನ ಕೋಣೆಯಲ್ಲಿ ಕುಳಿತಿದ್ದೆ. ಪಂಡಿತರ ಮಗ, ಕಾರ್ಯಕ್ರಮದ ಕಾರ್ಯದರ್ಶಿ, ಇನ್ನಿಬ್ಬರು ಅಲ್ಲಿದ್ದರು. ಆಗ ಮಾಸ್ತರ ಬಾಗಿಲಲ್ಲಿ ಕಾಣಿಸಿಕೊಂಡರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಮಲ್ಲಿಗೆ ಮಾಲೆ. "ಶಿವೂ" ಎಂದರು.

"ಇವರು ಯಾರ್ರಿ?" ಎಂದು ಕಾರ್ಯದರ್ಶಿ ಕೇಳಿದ.

"ನಮ್ಮ ಪಿಟೀಲು ರಿಪೇರಿ ಮಾಡೋರು. ಹುಬ್ಬಳ್ಳಿಯವರು" ಎಂದೆ.

ಮಾಲೆ ಹಿಡಿದ ಕೈ ಮೇಲೆದ್ದದ್ದು ಹಾಗೇ ಕೆಳಗಿಳಿಯಿತು. ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ಕಾರ್ಯದರ್ಶಿಯ ಕಡೆ ತಿರುಗಿ, "ಹೌದ್ರಿ. ಸಾಹೇಬ್ರ ಪಿಟೀಲಿನ ಬಿರಡಿ ಸಡಲಾಗಿತ್ತಂತ, ನೋಡಿ ಹೋಗೂಣಂತ ಬಂದೇನ್ರಿ" ಎಂದರು. ನೆಲದ ಮೇಲೆ ಕುಳಿತು, ನನ್ನ ಪಿಟೀಲು ತೆಗೆದು, ಏನೂ ಆಗಿರದ ಬಿರಡೆಯನ್ನು ತಿರುವುತ್ತ ತಂತಿ ಬಿಗಿ ಮಾಡಿದರು. ನಾನು ನೋಡುತ್ತ ಕುಳಿತೆ. ಕಾಫಿ ಕುಡಿಯುತ್ತಿದ್ದೆ ನಾನು — ಅದನ್ನೂ ಕೆಳಗಿಡಲಿಲ್ಲ.

"ನಮ್ಮ ಮಗಳ ವಯೊಲಿನ್ನೂ ಒಂದ ಕೆಟ್ಟೈತಿ, ಮಾಡಿ ಕೊಡ್ತೀರೇನು?" ಎಂದ ಕಾರ್ಯದರ್ಶಿ. ಮಾಸ್ತರ ನನ್ನ ಮುಖ ನೋಡಿದರು. ನಾನೇ ಉತ್ತರ ಕೊಟ್ಟೆ: "ಮಾಡ್ತಾರ್ರಿ. ಛಲೋ ಮಾಡ್ತಾರ."

ಇಲ್ಲಿಗೇ ನಿಂತಿದ್ದರೆ ನಾನು ಬರೀ ಹೇಡಿಯಾಗಿರುತ್ತಿದ್ದೆ. ನಿಲ್ಲಲಿಲ್ಲ. ಆಡಿದ ಸುಳ್ಳು ಗಟ್ಟಿಯಾಗಿ ನಿಲ್ಲಲೆಂದು ನನ್ನ ಕ್ಲಾಸಿನ ಮಕ್ಕಳ ಕೆಟ್ಟ ಪಿಟೀಲುಗಳನ್ನೆಲ್ಲ ಅವರ ಬಳಿಗೇ ಕಳಿಸತೊಡಗಿದೆ. ಆರು ವರ್ಷ ಕಳಿಸಿದೆ. ಒಮ್ಮೆಯೂ ನಾನು ಹೋಗಲಿಲ್ಲ. ಪ್ರತಿಯೊಂದೂ ಸರಿಯಾಗಿ ಬರುತ್ತಿತ್ತು. ಕೊನೆಗೊಂದು ದಿನ ಒಬ್ಬ ವಿದ್ಯಾರ್ಥಿನಿ ಪಿಟೀಲನ್ನು ಹಾಗೇ ವಾಪಸು ತಂದು, "ಅವರು ತೀರಿಕೊಂಡಾರಂತ್ರಿ ಸರ" ಎಂದಳು. ನಾನು ಆಕೆಗೆ ಬೇರೊಬ್ಬ ರಿಪೇರಿಯವನ ವಿಳಾಸ ಬರೆದುಕೊಟ್ಟು ಪಾಠ ಮುಂದುವರಿಸಿದೆ.

ಈ ವರ್ಷ ಅಶ್ವಿನಿ ಎಂಬ ಶಿಷ್ಯೆ ನನ್ನ ವಾದನದ ಮೇಲೆ ಪ್ರಬಂಧ ಬರೆಯಲು ಕುಳಿತಳು. ಪಂಡಿತರ ಹಳೆಯ ಧ್ವನಿಮುದ್ರಣಗಳನ್ನೆಲ್ಲ ಕೇಳಿ ಬಂದು, "ಸರ, ನಿಮ್ಮ ಕಮಾನಿನ ಎಳೆತ ಅವರದಲ್ಲರಿ. ಖರೇ ಹೇಳ್ರಿ, ಯಾರದದು?" ಎಂದಳು. ಸಾಧನೆ, ಸ್ವಂತ ಸಾಧನೆ ಎಂದೆ. ಅವಳು ಬರೆದುಕೊಂಡಳು. ಅವಳ ಪೆನ್ನು ಆ ಶಬ್ದದ ಮೇಲೆ ಓಡಿದ್ದನ್ನು ನೋಡಿ ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಮುಂದಿನ ರವಿವಾರ ಹಳೇ ಹುಬ್ಬಳ್ಳಿಗೆ ಹೋದೆ. ಮಾಸ್ತರ ಮಗಳು ಮೆಹರುನ್ ಬಾಗಿಲ ಬಳಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು. ನಾನು ಅವರಲ್ಲಿ ಕಲಿಯುವಾಗ ತೊಡೆಯ ಮೇಲಿನ ಕೂಸು ಅವಳು. ನನ್ನ ಹೆಸರು, ಧಾರವಾಡದ ಕ್ಲಾಸು ಹೇಳಿದೊಡನೆ, "ರಿಪೇರಿ ಬಂದ್ ಆಗೇತ್ರಿ ಸರ, ಅಪ್ಪಾ ಇಲ್ಲ ಈಗ" ಎಂದಳು.

ಹೇಳಿದೆ. ನಿಂತುಕೊಂಡೇ ಎಲ್ಲ ಹೇಳಿದೆ. ಅವಳು ಯಂತ್ರ ನಿಲ್ಲಿಸಿದಳು.

"ಶಿವೂ ಅಂತ ಒಬ್ಬಾಂವ ಇದ್ದ ಅಂತಿದ್ರು ಅಪ್ಪಾ. ಆ ಶಿವೂ ನೀವೇನು?"

ತಲೆಯಾಡಿಸಿದೆ.

"ಅಪ್ಪಗ ರಿಪೇರಿ ಬರ್ತಿದ್ದಿಲ್ರಿ" ಎಂದಳು. "ಎಪ್ಪತ್ತು ವರ್ಷದ ಮನಶಾ, ಒಮ್ಮೆಲೆ ಗುಜರಿಯಿಂದ ಒಡದ ಪಿಟೀಲು ತಂದು ಬಿಚ್ಚಾಕ ಕುಂತ್ರು. ಬಿಚ್ಚೂದು, ಅಂಟಸೂದು, ಕೈ ಕೊಯ್ಕೊಳ್ಳೂದು. ಈ ವಯಸ್ಸಿನ್ಯಾಗ ಯಾಕ ಬೇಕು ಅಂತ ಅವ್ವ ಬೈತಿದ್ಲು. ಅಪ್ಪಾ ನಕ್ಕು ಮತ್ತ ಬಿಚ್ಚಾಕ ಕುಂಡರ್ತಿದ್ರು. ಯಾಕ ಅಂತ ನಮಗ ಇವತ್ತ ತಿಳೀತು."

ನನ್ನ ಸುಳ್ಳನ್ನು ಕಾಪಾಡಲು ಅವರು ಆ ಕೆಲಸ ಕಲಿತಿದ್ದರು. ಅದು ಗೊತ್ತಿಲ್ಲದೆ ನಾನು ಒಂದಾದ ಮೇಲೊಂದು ಕಳಿಸಿದ್ದೆ — ಗೊತ್ತಿದ್ದರೂ ಕಳಿಸುತ್ತಿದ್ದೆನೇನೋ.

"ಇದನ್ನ ನನಗ್ಯಾಕ ಹೇಳಾಕತ್ತೀರಿ? ನಿಮ್ಮ ಹುಡುಗರಿಗೆ ಹೇಳ್ರಿ" ಎಂದಳು.

ಕ್ಲಾಸಿನಲ್ಲಿ ಹೇಳಿದೆ. ನನ್ನ ಮೊದಲ ಗುರು ಬ್ಯಾಂಡ್ ಮಾಸ್ತರರು, ನನ್ನ ಕೈಯಲ್ಲಿರುವುದೆಲ್ಲ ಅವರದೇ ಎಂದೆ. ಅಶ್ವಿನಿಯ ಕಣ್ಣು ಒದ್ದೆಯಾಯಿತು. ಮಗುವಿನ ಜೊತೆ ಬಂದಿದ್ದ ಪಾಲಕರೊಬ್ಬರು ಎದ್ದು ನಿಂತು, "ಎಂಥಾ ದೊಡ್ಡ ಮನಸ್ಸು ಸರ ನಿಮ್ದು" ಎಂದರು. ಚಪ್ಪಾಳೆ ಬಿತ್ತು. ನಾನು ಕೈ ಮುಗಿದೆ. ಮುಗಿಯುವಾಗ ಒಳಗೊಳಗೇ ಹಿತವಾಯಿತು. ಹೌದು, ಹಿತವಾಯಿತು. ಆ ಕೋಣೆಯ ಮಾತು, ಆ ಬಿರಡೆ, ಆರು ವರ್ಷದ ರಿಪೇರಿ — ಇವುಗಳಲ್ಲಿ ಒಂದನ್ನೂ ನಾನು ಹೇಳಿರಲಿಲ್ಲ. ಸತ್ತ ಗುರುವಿನಿಂದ ಇನ್ನೊಂದು ಸನ್ಮಾನವನ್ನೂ ವಸೂಲಿ ಮಾಡಿಕೊಂಡಿದ್ದೆ.

ಅದಕ್ಕೇ ಇದನ್ನು ಬರೆದದ್ದು. ಪ್ರಬಂಧದಲ್ಲಿ ಇದು ಪೂರ್ತಿಯಾಗಿ ಬರಬೇಕೆಂದು ಅಶ್ವಿನಿಗೆ ಹೇಳಿದ್ದೇನೆ. ಅವಳಿಗೆ ಕೊಡುವ ಮೊದಲು ಮೆಹರುನ್‌ಗೆ ಓದಿ ಹೇಳಿದೆ. ಕೊನೆಯವರೆಗೂ ಕೇಳಿ, ಒಂದೇ ಒಂದು ಸಾಲಿನ ಬಗ್ಗೆ ಮಾತಾಡಿದಳು. 'ಮಾಸ್ತರರು ನನ್ನನ್ನು ಕ್ಷಮಿಸಿದ್ದರು' ಎಂದು ಬರೆದಿದ್ದೆ.

"ಅದು ನಿಮಗ ಹೆಂಗ ಗೊತ್ತಾತ್ರಿ?" ಎಂದು ಕೇಳಿದಳು.

ಆ ಸಾಲನ್ನು ಹೊಡೆದು ಹಾಕಿದ್ದೇನೆ.