ಹೂವಿನ ಕೆಟಲ್‌ಗೆ ಹಾಲು ಹಾಕಿದ ದಿನ

ನನ್ನ ನೆಗೆಣ್ಣಿ, ಅಂದರೆ ವಾರಗಿತ್ತಿ, ಜಗದೇವಿ ಸತ್ತೇ ಹೋದಳು ಅಂದುಕೊಂಡೆ. ಕಳೆದ ಭಾನುವಾರ, ಸುರಪುರದ ಅವಳ ಅಡುಗೆಮನೆಯಲ್ಲಿ, ನನ್ನ ಕಣ್ಣೆದುರೇ. ಇವತ್ತಿಗೂ ಶಹಾಪುರದ ನಮ್ಮ ಮನೆಯಲ್ಲಿ ಲೈಟ್ ಹಾಕಬೇಕಾದರೂ ಚಪ್ಪಲಿ ಮೆಟ್ಟಿಕೊಳ್ಳುತ್ತೇನೆ.

ಕಾರಣ ಒಂದು ಕೆಟಲ್. ನೀರು ಕಾಯಿಸುವ ಕರೆಂಟಿನ ಕೆಟಲ್, ಅಷ್ಟೇ. ಆದರೆ ಅದರ ಮೈತುಂಬ ನೀಲಿ, ಹಳದಿ ಹೂಬಳ್ಳಿ. ಕೆಳಗೆ ಹೆಸರಾಂತ ಫ್ಯಾಷನ್ ಡಿಸೈನರ್ ಒಬ್ಬನ ಸಹಿ. ಅದರ ಬೆಲೆಗೆ ನನ್ನ ಮನೆಯಲ್ಲಿರುವಂಥ ಸಾದಾ ಕೆಟಲ್ ಹತ್ತು ಬರುತ್ತವೆ. (ಬಸ್ಸಿನಲ್ಲಿ ಕೂತು ಫೋನಿನಲ್ಲಿ ಹುಡುಕಿದೆ. ಸುಮ್ಮನಿರಲು ಆಗಲಿಲ್ಲ.)

ಜಗದೇವಿ ಬ್ಲೌಸ್ ಹೊಲಿಯುತ್ತಾಳೆ. ಆ ಡಿಸೈನರ್‌ನ ಕಸೂತಿಯನ್ನು ಮೊಬೈಲಿನಲ್ಲಿ ನೋಡಿ ನೋಡಿಯೇ ಕಲಿತವಳು. ಮದುವೆ ಸೀಸನ್ನಿನ ದುಡಿಮೆಯಲ್ಲಿ ಇದನ್ನು ತರಿಸಿದ್ದಳು. ಎಂ.ಎ. ಓದಿ ಕಾಲೇಜಿನಲ್ಲಿ ಪಾಠ ಮಾಡುವ ನನಗೆ ಇಂಥದ್ದನ್ನು ಆಸೆಪಡುವ ಧೈರ್ಯವೂ ಬಂದಿರಲಿಲ್ಲ. ಹೊಟ್ಟೆ ಉರಿಯದೇ ಇರುತ್ತದೆಯೇ?

"ಹೆಂಗ ಅದರಿ ಅಕ್ಕಾ?"

"ಛಲೋ ಅದ. ಇದರಾಗ ನೀರು ಭಾಳ ರುಚಿ ಆಗ್ತಾವೇನು?"

ಅವಳು ನಕ್ಕಳು. "ನೀರು ಅವೇರಿ. ನೋಡೋ ಕಣ್ಣಿಗಿ ರುಚಿ!"

ಅತ್ತೆ ನಡುವೆ ಬಂದರು. "ಹೊಸಾ ಸಾಮಾನ ಬಂದದ, ಮೊದ್ಲ ಹಾಲು ಉಕ್ಕಿಸವ್ವಾ." ಹೊಸ ಮನೆ ಹೊಕ್ಕಾಗ ಒಲೆಯ ಮೇಲೆ ಹಾಲುಕ್ಕಿಸುತ್ತೇವಲ್ಲ, ಹಾಗೆ.

ಜಗದೇವಿಗೆ ಅನುಮಾನ. ಡಬ್ಬಿಯಲ್ಲಿದ್ದ ಇಂಗ್ಲಿಷ್ ಪುಸ್ತಿಕೆಯನ್ನು ನನ್ನ ಕೈಗಿಟ್ಟಳು. "ಹಾಲು ಹಾಕಿದ್ರ ನಡೀತದೇನ್ರಿ? ನೀವು ಓದಿದವರು, ನೋಡಿ ಹೇಳ್ರಿ."

ಎರಡನೇ ಪುಟದಲ್ಲೇ ದಪ್ಪಕ್ಷರದಲ್ಲಿತ್ತು: ನೀರು ಮಾತ್ರ.

ಪುಸ್ತಿಕೆ ಮುಚ್ಚಿದೆ. "ಏನಾಗ್ತದ, ಹಾಕು" ಅಂದೆ.

ಯಾಕೆ ಹಾಗೆಂದೆ? ಅವಳಿಗೆ ಕೇಡಾಗಲಿ ಅಂತಲ್ಲ, ದೇವರಾಣೆ. ಆ ಹೂಗಳ ಮೇಲೆ ಒಂದು ಕಲೆ ಬೀಳಲಿ ಅಂತ. ಒಂದೇ ಒಂದು.

ಹಾಲು ಉಕ್ಕಿತು. ಅತ್ತೆ ಕೈಮುಗಿದರು. ಹಾಲು ಹೂಗಳ ಮೇಲಿಂದ ಇಳಿದು ಕೆಳಗಿನ ಕರೆಂಟಿನ ತಟ್ಟೆಯೊಳಗೆ ಹೋಯಿತು. ಜಗದೇವಿ ಗಾಬರಿಯಿಂದ ಹಸಿ ಬಟ್ಟೆ ಹಿಡಿದು ಒರೆಸಲು ಹೋದಳು. ಬರಿಗಾಲು. ಆಗಷ್ಟೇ ಒರೆಸಿದ ಕಲ್ಲಿನ ನೆಲ. ಕರೆಂಟ್ ಹಿಡಿದುಬಿಟ್ಟಿತು. ಬಾಯಿ ತೆರೆದಿತ್ತು, ದನಿ ಇರಲಿಲ್ಲ.

ಸ್ವಿಚ್ ನನ್ನಿಂದ ಎರಡೇ ಹೆಜ್ಜೆ. ಆರಿಸಿದೆ. ಅವಳು ಬಿದ್ದಳು, ಉಸಿರಾಡಿದಳು. ಆದರೆ ಈಗ ಕಣ್ಣು ಮುಚ್ಚಿದರೆ ಅವೇ ಎರಡು ಹೆಜ್ಜೆ. ಪ್ರತಿ ಸಲವೂ ನಾನು ತಡವಾಗಿ ಮುಟ್ಟುತ್ತೇನೆ.

ಎಲೆಕ್ಟ್ರಿಷಿಯನ್ ಬಂದು ಬೈದ. ಕೆಟಲ್ಲಿನ ಮೂರನೇ ಪಿನ್ ಹಳೆಯ ಸಾಕೆಟ್ಟಿಗೆ ಕೂಡದೆ ಹೊರಗೇ ಉಳಿದಿತ್ತು. ಅರ್ಥಿಂಗೇ ಇರಲಿಲ್ಲ. ಹಾಗೆ ಸಿಕ್ಕಿಸಿದ್ದು ಅವಳ ಗಂಡ, ನನ್ನ ಮೈದುನ. ಆದರೆ ಮೈದುನ ಬೈದದ್ದು ಯಾರಿಗೆ?

"ವೈನಿ, ನೀವರ ಹೇಳ್ರಿ ಇಕಿಗಿ. ಶೋಕಿ ಮಾಡಾಕ ಹೋಗಿ ಜೀವಾ ಕಳ್ಕೋತಿದ್ಲು!"

ಎಲ್ಲರೂ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

ಬೊಬ್ಬೆಯೆದ್ದ ಅಂಗೈ ನೋಡಿಕೊಳ್ಳುತ್ತ ಜಗದೇವಿ ಅಂದಳು: "ಅಕ್ಕ ಇರಲಿಲ್ಲಂದ್ರ ನಾ ಉಳೀತಿರ್ಲಿಲ್ಲ."

ಡಿಸೈನರ್ ಸಾಮಾನಿಗೆ ಅಷ್ಟು ದುಡ್ಡು ಕೊಡಬಹುದಾ ಅಂತ ನೀವು ಕೇಳಬಹುದು. ನೀರು ಕಾಯಿಸುವುದಕ್ಕಾದರೆ ಬೇಡ. ಹೆಚ್ಚಿನ ದುಡ್ಡೆಲ್ಲ ಹೂವಿಗೆ. ಸ್ವಂತ ದುಡಿಮೆಯಲ್ಲಿ ಹೂ ಕೊಂಡವಳನ್ನು ಕೇಳಲು ನಾವ್ಯಾರು? ಮೊದಲು ಗೋಡೆಯ ಸಾಕೆಟ್ ಸರಿ ಮಾಡಿಸಿ, ಆಮೇಲೆ ನಿಮ್ಮ ಖುಷಿ.

ಕೆಟಲ್ ಈಗ ಅಟ್ಟ ಸೇರಿದೆ. ಮನೆಮಂದಿ ಅವಳನ್ನು ಇನ್ನೂ ಆಡಿಕೊಳ್ಳುತ್ತಿದ್ದಾರೆ. ನನಗೋ, ಇದನ್ನು ಬರೆಯುವಾಗಲೂ ಅದರ ಹಳದಿ ಹೂಗಳೇ ಕಣ್ಣಿಗೆ ಕಟ್ಟುತ್ತಿವೆ. ನಾಚಿಕೆಗೇಡು, ಆದರೆ ಈಗಲೂ ಅದು ನನಗೆ ಬೇಕು.

ಜಗದೇವಿ ವಾರ ತಪ್ಪದೆ ಈ ಅಂಕಣ ಓದುತ್ತಾಳೆ. ಇವತ್ತು ಓದಿದ ಮೇಲೂ ನನ್ನನ್ನು ಅಕ್ಕಾ ಅಂತಾಳಾ?