ಬನ್ನಿ ಮರದ ನೇರಕ್ಕೆ ಇನ್ನೂರು ಹೆಜ್ಜೆ

ಹೋದ ವಾರ ಕಚೇರಿ ಮುಗಿಸಿ ಹೊಸಪೇಟೆಯ ಪೇಟೆ ಬೀದಿಯಲ್ಲಿ ಬರುತ್ತಿದ್ದೆ. ಕಮಲಾಪುರದ ಕಡೆಯಿಂದ ಬಂದ ಗಾಡಿಯವನೊಬ್ಬ ಎತ್ತು ಬಿಚ್ಚಿ, ಕುಳ್ಳಿನ ಬೆಂಕಿ ಹಾಕಿ, ಹಸಿ ಜೋಳದ ತೆನೆ ಸುಡುತ್ತಿದ್ದ. ಸೀತನಿ. ಹಾಲುಗಟ್ಟಿದ ಕಾಳಿಗೆ ಬೆಂಕಿ ತಾಗಿದಾಗ ಏಳುವ ಆ ವಾಸನೆ... ಸ್ವಲ್ಪ ಸಿಹಿ, ಸ್ವಲ್ಪ ಹೊಗೆ. ಯಾರಿಗಾದರೂ ಬಾಯಲ್ಲಿ ನೀರೂರಬೇಕು. ನಾನು ಮಾತ್ರ ಕಾಗದದ ಕಟ್ಟನ್ನು ಕಂಕುಳಿಗೆ ಸೇರಿಸಿ ಬೇಗ ಬೇಗ ನಡೆದುಬಿಟ್ಟೆ. ನಾಲ್ಕು ಅಂಗಡಿ ದಾಟಿದರೂ ಅಜ್ಜಿಯ ನೆನಪು ಹಿಂದೆಯೇ ಬರುತ್ತಿತ್ತು.

ನನ್ನ ಸ್ವಂತ ಅಜ್ಜಿಯಲ್ಲ. ಕಂಪ್ಲಿಯ ಆಚೆ ನನ್ನ ಸೋದರಮಾವನ ಎರೆಹೊಲ ಇತ್ತು. ಜೋಳ ಹಾಲುಗಟ್ಟುವ ಕಾಲಕ್ಕೆ ಹಕ್ಕಿ ಓಡಿಸಲು ಅಲ್ಲಿ ಕೂರುತ್ತಿದ್ದ ಮುದುಕಿ ಅವಳು. ಹೆಸರು ಕೇಳಿದ್ದೆನೋ ಇಲ್ಲವೋ... ನೆನಪಿಲ್ಲ. ಎಲ್ಲರಿಗೂ ಅವಳು ಹೊಲದಜ್ಜಿ.

ನನಗಾಗ ಹತ್ತೊಂಬತ್ತು. ತಾಲ್ಲೂಕು ಕಚೇರಿಯಲ್ಲಿ ನಕಲು ಬರೆಯುವ ಕೆಲಸಕ್ಕೆ ಆಗಷ್ಟೇ ಸೇರಿದ್ದೆ. ಹಕ್ಕಿಯ ಹುಚ್ಚು ಮಾತ್ರ ಅದಕ್ಕೂ ಮೊದಲಿನದು. ವರ್ಗವಾಗಿ ಹೋದ ಡಾಕ್ಟರೊಬ್ಬರು ಬಿಟ್ಟುಹೋದ ಒಂದು ಇಂಗ್ಲಿಷ್ ಪುಸ್ತಕ ನನ್ನ ಗುರು. ಅದಕ್ಕೆ ಮೊದಲ ಹಾಳೆಗಳೂ ಇರಲಿಲ್ಲ, ಕೊನೆಯವೂ ಇರಲಿಲ್ಲ. ಜೊತೆಗೆ ಒಂದು ಕಡೆಯ ಗಾಜು ಒಡೆದ ದುರ್ಬೀನು. ಇಷ್ಟನ್ನೇ ಕಟ್ಟಿಕೊಂಡು ಕಮಲಾಪುರದ ಕೆರೆ ಏರಿಯ ಮೇಲೆ, ಹಂಪಿಯ ಹಾಳು ಮಂಟಪಗಳಲ್ಲಿ ಭಾನುವಾರಗಳನ್ನೆಲ್ಲ ಕಳೆಯುತ್ತಿದ್ದೆ. ಮನೆಯಲ್ಲಿ ಅಮ್ಮ, 'ಸಂಧ್ಯಾವಂದನೆಗಿಲ್ಲದ ಶ್ರದ್ಧೆ ಗೂಬೆಗೆ ಬಂತು' ಎನ್ನುತ್ತಿದ್ದಳು.

ಎರಡು ವರ್ಷ ಒಣಗಿದ ಮೇಲೆ ಆ ಸಲ ಹಿಂಗಾರು ಭರ್ತಿ ಸುರಿಯಿತು. ಎರೆಭೂಮಿಯಲ್ಲಿ ಯಾವಾಗಲೂ ಕಾಣದ ಹಕ್ಕಿಗಳು ಇಳಿದಿವೆ, ಬಾ ಎಂದು ಮಾವ ಕಾರ್ಡು ಹಾಕಿದ. ಕ್ರಿಸ್ಮಸ್ ರಜೆ ಹತ್ತು ದಿನ. ರಜೆ ಶುರುವಾದ ದಿನವೇ ಹೊರಟೆ.

ಮೊದಲ ದಿನ ಹೊಲಕ್ಕೆ ಹೋದಾಗ ನಾಲ್ಕು ಗಳದ ಮೇಲೆ ಕಟ್ಟಿದ ಎತ್ತರದ ಮಂಚಿಗೆಯ ಮೇಲೆ ಅಜ್ಜಿ ನಿಂತಿದ್ದಳು. ಕೈಯಲ್ಲಿ ಕವಣೆ, ಮಡಿಲಲ್ಲಿ ಮಣ್ಣಿನ ಗುಂಡು.

"ಯಾರ್ರೀ ಅದು? ತೆನಿ ಮುರಿಯಾಕ ಬಂದೀರೋ, ಹಕ್ಕಿ ಹೊಡಿಯಾಕ ಬಂದೀರೋ?"

"ಹಕ್ಕಿ ನೋಡ್ಲಿಕ್ಕೆ ಬಂದೀನಜ್ಜಿ. ಈ ಹೊಲದ ರಾಯರ ಸೋದರಳಿಯ ನಾನು."

ಅವಳು ನಕ್ಕ ನಗೆಗೆ ಮಂಚಿಗೆ ಅಲುಗಿತು. "ನಾ ಹುಟ್ಟಿದಾಗಿಂದ ಇವನ್ನ ಓಡಸ್ಲಿಕ್ಕ ಹತ್ತೀನಿ, ನೀವು ಇವನ್ನ ನೋಡಾಕ ಹೊಸಪ್ಯಾಟಿಂದ ಬಂದೀರಿ! ಹತ್ರಿ ಸ್ವಾಮಿ, ಹತ್ರಿ. ನೀವು ನೋಡಿ ಮುಗಸ್ರಿ, ಆಮ್ಯಾಲ ನಾ ಓಡಸ್ತೀನಿ."

ನಿಜವಾಗಿಯೂ ಹಾಗೇ ಮಾಡಿದಳು. ಗುಲಾಬಿ ಮೈ, ಕರಿ ತಲೆಯ ಹಕ್ಕಿಗಳ ಹಿಂಡು ಮೋಡದಂತೆ ಜೋಳಕ್ಕೆ ಇಳಿಯುತ್ತಿತ್ತು. ನಾನು ದುರ್ಬೀನು ಹಿಡಿದು, ನೋಟ್‌ಬುಕ್ಕಿನಲ್ಲಿ ಗೀಚಿಕೊಳ್ಳುವ ತನಕ ಅವಳು ಕವಣೆ ಎತ್ತುತ್ತಿರಲಿಲ್ಲ. "ಆತೇನ್ರಿ? ಇವು ನಮ್ಮ ಬೀಗರು. ಕರೀದ ಬರ್ತಾವು, ಹೇಳದ ಹೋಗ್ತಾವು" ಎಂದು ಬೀಸುತ್ತಿದ್ದಳು. ಗುಂಡು ಹಿಂಡಿನ ಮುಂದೆ ಬೀಳುತ್ತಿತ್ತು. ಒಂದು ರೆಕ್ಕೆಗೂ ತಾಗಿದ್ದನ್ನು ನಾನು ಕಾಣೆ. ಗಿಡುಗ ಬಂದರೆ ನನಗಿಂತ ಮೊದಲು ಅವಳಿಗೇ ಕಾಣುತ್ತಿತ್ತು. "ನಿಮ್ಮ ದುರ್ಬೀನಿಗೆ ಒಂದ ಕಣ್ಣು, ನನಗ ಎರಡ ಅದಾವ ನೋಡ್ರಿ."

ಮಧ್ಯಾಹ್ನ ಸೀತನಿ ಸುಡುತ್ತಿದ್ದಳು. ಹೊಲದಲ್ಲಿ ಸುಟ್ಟ ತೆನೆಗೆ ಮಡಿ ಮೈಲಿಗೆ ಇಲ್ಲವೆಂದು ಮಾವನೇ ಹೇಳಿದ್ದ, ಹೇಳದಿದ್ದರೂ ತಿನ್ನುತ್ತಿದ್ದೆ. ಬಿಸಿ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಸಿಪ್ಪೆ ಊದಿ, ಕಾಳನ್ನು ನನ್ನ ಕೈಗೆ ಸುರಿಯುತ್ತಿದ್ದಳು. ಮೂರನೆಯ ದಿನಕ್ಕೆ ನಾನು 'ಸ್ವಾಮಿ' ಹೋಗಿ 'ತಮ್ಮ' ಆಗಿದ್ದೆ.

ನಾಲ್ಕನೆಯ ದಿನ ಅವಳೇ ಮಂಚಿಗೆ ಇಳಿದಳು. "ಬಾ ತಮ್ಮಾ, ಒಂದು ತೋರಸ್ತೀನಿ. ಬಾಯಿ ಮುಚ್ಚಿಕೊಂಡು ಬಾ."

ಜೋಳದ ಆಚೆ ಒಂದು ತುಂಡು ಬೀಳು ನೆಲ ಇತ್ತು. ಸಾಕಷ್ಟು ದೂರದಲ್ಲೇ ನನ್ನನ್ನು ಕೂರಿಸಿದಳು. ತುಂಬ ಹೊತ್ತಿನ ಮೇಲೆ, ನಾನು ಮಣ್ಣಿನ ಹೆಂಟೆ ಎಂದುಕೊಂಡಿದ್ದದ್ದು ಎದ್ದು ನಿಂತಿತು. ಸೊಂಟದೆತ್ತರದ ಹಕ್ಕಿ. ನೀಳ ಬಿಳಿ ಕುತ್ತಿಗೆ, ಕಂದು ಬೆನ್ನು, ನೆತ್ತಿಯ ಮೇಲೆ ಕರಿ ಟೋಪಿ. ನಮ್ಮ ಕಡೆ ಎರೆಭೂತ ಎನ್ನುತ್ತಾರಲ್ಲ, ಅದು! ಪುಸ್ತಕದಲ್ಲಿ ಓದಿ ಓದಿ ಕನಸಿನಲ್ಲೂ ಕಂಡಿದ್ದೆ. ಅದು ಮೇಯಲು ಹೋದ ಮೇಲೆ ಹತ್ತಿರ ಹೋದೆವು. ಬರೀ ನೆಲದ ಮೇಲೆ ಒಂದೇ ಒಂದು ಮೊಟ್ಟೆ, ಮಣ್ಣಿನದೇ ಬಣ್ಣ.

"ಗೂಡು ಕಟ್ಟಲ್ಲೇನಜ್ಜಿ ಇದು?"

"ಈಟು ದೊಡ್ಡ ಹೊಲ ಐತಲ್ಲ, ಇನ್ನ್ಯಾಕ ಗೂಡು?"

ವಾಪಸು ಬಂದು ಕೂತಾಗ ಅವಳ ದನಿ ಇಳಿದಿತ್ತು. "ನನ್ನ ಗಂಡ ಇಂಥಾವು ಏಳು ಹಿಡದ, ತಮ್ಮಾ. ಬಂಗ್ಲೇಕ ಬಂದ ದೊರಿಗಳ ಊಟಕ್ಕ. ತತ್ತಿ ಸುತ್ತ ಉರ್ಲು ಹಾಕಿದ್ರ ತಾಯಿ ತಾನ ಬಂದು ಸಿಗ್ತಿತ್ತು. ಉರ್ಲು ಹೆಣದು ಕೊಡಾಕಿ ನಾನ... ಕುದುರಿ ಬಾಲದ ಕೂದ್ಲಾಗ. ಏಳೂ ನನ್ನ ಕೈಯಾಗಿನ ಉರ್ಲು. ಒಂದಾದ್ರೂ ಮರಿ ಈ ಹೊಲದಾಗಿಂದ ತಾಯಿ ಹಿಂದ ನಡಕೊಂತ ಹೋಗೋದು ನೋಡಿ ಸಾಯ್ಬೇಕು ಅನಸೈತಿ."

ಆ ತುಂಡು ಬೀಳು ಬಿದ್ದಿದ್ದೂ ಅವಳ ಕೆಲಸವೇ. ಅಲ್ಲಿ ನಾಗರಹಾವಿದೆ ಎಂದು ಮಾವನಿಗೆ ಹೇಳಿ ನೇಗಿಲು ತಡೆದಿದ್ದಳು. ಕುರಿಯವರನ್ನೂ ಅದೇ ಹಾವು ದೂರ ಇಟ್ಟಿತ್ತು. ಇನ್ನೊಂದು ವಾರದಲ್ಲಿ ಮೊಟ್ಟೆ ಒಡೆಯುತ್ತದೆ ಎಂಬುದು ಅವಳ ಎಣಿಕೆ. ಜಾಗ ಹುಡುಕುವ ಬಗೆಯನ್ನೂ ಹೇಳಿಕೊಟ್ಟಳು. ಮಂಚಿಗೆಯ ತೆಂಕಣ ಗಳಕ್ಕೆ ಬೆನ್ನು ಕೊಟ್ಟು ನಿಂತರೆ ದೂರದ ಒಂಟಿ ಬನ್ನಿ ಮರ ಸಂಡೂರು ಗುಡ್ಡದ ಸಾಲಿನ ಒಂದು ತಗ್ಗಿನಲ್ಲಿ ಸರಿಯಾಗಿ ಕೂರುತ್ತದೆ. ಆ ನೇರಕ್ಕೆ ಇನ್ನೂರು ಹೆಜ್ಜೆ.

ನನಗೆ ಅದು ಕೈಗೂಡಲಿಲ್ಲ. ಎಲ್ಲಿ ನೋಡಿದರೂ ಒಂದೇ ಕರಿಮಣ್ಣು. ಮರುದಿನ ತಾಯಿ ಮೇಯಲು ಹೋದಾಗ ಒಬ್ಬನೇ ಹೋದೆ. ಎತ್ತಿದ ಕಾಲು ಮೊಟ್ಟೆಯ ಮೇಲೆ ಇಳಿಯುವುದರಲ್ಲಿತ್ತು. ಹಾಗೇ ಹಿಂದೆ ಸರಿದೆ. ಬಂದು ಹೇಳಿದೆ, ಒಂದು ಗುರುತು ಇಡೋಣವೇ ಎಂದು.

"ಬ್ಯಾಡ ತಮ್ಮಾ. ಗುರ್ತು ಕಣ್ಣಾಗಿರ್ಲಿ, ನೆಲದ ಮ್ಯಾಲ ಬ್ಯಾಡ."

ಆದರೆ ಪುಸ್ತಕದಲ್ಲಿ ಇತ್ತಲ್ಲ! ಗೂಡು ಸಿಕ್ಕ ಕೂಡಲೇ ಗುರುತು ಇಡತಕ್ಕದ್ದು ಎಂದು ಅಚ್ಚಾಗಿತ್ತು. ಅಜ್ಜಿಗೆ ಓದು ಬಾರದು, ನನಗೆ ಬರುತ್ತದೆ... ಹಾಗೆಂದು ಆಗ ಬಾಯಿಬಿಟ್ಟು ಅಂದುಕೊಂಡಿರಲಿಕ್ಕಿಲ್ಲ, ಆದರೂ ಒಳಗೆ ಇದ್ದದ್ದು ಅದೇ. ಸಂಜೆ ಅವಳು ಊರ ಕಡೆ ಹೊರಟ ಮೇಲೆ ಬೇಲಿಯಿಂದ ಜಾಲಿ ಕಟ್ಟಿಗೆಯೊಂದನ್ನು ತಂದು ಮೊಟ್ಟೆಯಿಂದ ಹತ್ತು ಮಾರು ಆಚೆ ನೆಟ್ಟೆ. ತುಳಿಯಬಾರದೆಂಬ ಭಯ ಸುಳ್ಳಲ್ಲ. ಮರಿ ಹೊರಬರುವುದನ್ನು ನಾನೇ ಮೊದಲು ಕಂಡು ಬರೆದಿಡಬೇಕೆಂಬ ಆಸೆಯೂ ಸುಳ್ಳಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಮಂಚಿಗೆ ಹತ್ತಿದೆವು. ಅಜ್ಜಿ ಎಲೆ ಅಡಿಕೆ ಬಾಯಿಗೆ ಹಾಕುತ್ತಿದ್ದವಳು ಹಾಗೆಯೇ ನಿಂತಳು.

"ಅಲ್ಲೊಂದು ಕಾಗಿ ಕುಂತೈತಲ್ಲ... ಅದು ಎದರ ಮ್ಯಾಲ ಕುಂತೈತಿ?"

ನನಗೆ ಗೊತ್ತಿತ್ತು. ಮೊಟ್ಟೆಯ ಹತ್ತಿರ ಕಾಗೆ ಕೂರಲು ಒಂದು ಕಡ್ಡಿ ಇಲ್ಲದ ಬೀಳು ಅದು. ಕಡ್ಡಿಯನ್ನು ನಾನು ನೆಟ್ಟು ಬಂದಿದ್ದೆ. ಅಲ್ಲಿ ಕೂತು ಅದು ತಾಯಿ ಎದ್ದು ಹೋಗುವುದನ್ನೇ ಕಾದಿತ್ತು.

ತಾಯಿ ಎದ್ದು ಮೇಯಲು ಹೋಯಿತು, ಕಾಗೆ ಕೆಳಗೆ ಹಾರಿತು. ಅಜ್ಜಿ ಕವಣೆ ಬೀಸಿದಳು. ಮತ್ತೆ ಬೀಸಿದಳು, ಮತ್ತೆ. ಗುಂಡುಗಳು ಅರ್ಧ ದಾರಿಗೇ ಬಿದ್ದವು. ಆಮೇಲೆ ಇಳಿದು ಓಡಿದಳು. ಅವಳು ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಬಿರುಕು ಬಿಟ್ಟ ನೆಲದಲ್ಲಿ ಬರಿಗಾಲು ಎಡವುತ್ತಿತ್ತು, ಬಾಯಿ ಹೋ ಹೋ ಎಂದು ಕೂಗುತ್ತಿತ್ತು.

ನಾವು ಮುಟ್ಟುವಷ್ಟರಲ್ಲಿ ಮೊಟ್ಟೆಯಲ್ಲಿ ತೂತು ಬಿದ್ದಿತ್ತು. ಒಳಗೆ ಮರಿ ರೂಪುಗೊಂಡಿತ್ತು...

"ನಾನೇ ನೆಟ್ಟಿದ್ದಜ್ಜಿ. ತುಳದೇನು ಅಂತ ಹೆದರಿ..."

ಅವಳು ನನ್ನ ಕಡೆ ನೋಡಲಿಲ್ಲ. ದೂರ ಸರಿದು ಕೂತೆವು. ತಾಯಿ ಬಂತು. ಕುತ್ತಿಗೆ ಬಗ್ಗಿಸಿ ಚಿಪ್ಪನ್ನು ಕೊಕ್ಕಿನಿಂದ ಒಮ್ಮೆ ಸರಿಸಿತು, ಸುತ್ತಿತು, ನಿಂತಿತು. ಹಾರಲಿಲ್ಲ. ಬನ್ನಿ ಮರದ ಕಡೆ ನಿಧಾನಕ್ಕೆ ನಡೆದುಕೊಂಡೇ ಹೋಯಿತು, ಒಂಟಿಯಾಗಿ.

"ಎಂಟಾತು" ಎಂದಳು ಅಜ್ಜಿ. ಅಷ್ಟೇ.

ಕಟ್ಟಿಗೆಯನ್ನು ಕಿತ್ತಳು. ಮೊಣಕಾಲಿಗೆ ಕೊಟ್ಟು ಮೂರು ತುಂಡು ಮಾಡಿ ಮಂಚಿಗೆಯ ಬುಡಕ್ಕೆ ತಂದಳು. ಅದರಲ್ಲೇ ಬೆಂಕಿ ಮಾಡಿ ಸೀತನಿ ಸುಟ್ಟಳು. ಎಂದಿನಂತೆ ತಿಕ್ಕಿ, ಊದಿ, ನನ್ನ ಕೈಗೆ ಸುರಿದಳು.

"ತಿನ್ರಿ ಸ್ವಾಮಿ. ಬಿಸಿ ಇದ್ದಾಗ ತಿನ್ಬೇಕು."

ತಿಂದೆ. ತಿನ್ನದೆ ಏನು ಮಾಡಲಿ? ಅವಳು ತಿನ್ನಲಿಲ್ಲ. ಮರುದಿನವೇ ಕಚೇರಿಯ ನೆಪ ಹೇಳಿ ಊರಿಗೆ ಬಂದುಬಿಟ್ಟೆ, ರಜೆ ಇನ್ನೂ ನಾಲ್ಕು ದಿನ ಇರುವಾಗಲೇ.

ಆಮೇಲೆ ಪ್ರತಿ ವರ್ಷ ಸೀತನಿ ಕಾಲಕ್ಕೆ ಮಾವನ ಕಾರ್ಡು ಬರುತ್ತಿತ್ತು. ಕೊನೆಯಲ್ಲಿ ಒಂದು ಸಾಲು ಇದ್ದೇ ಇರುತ್ತಿತ್ತು: ಹಕ್ಕಿ ನೋಡುವ ಹುಡುಗ ಈ ಸಲವಾದರೂ ಬರುತ್ತಾನೇನು ಎಂದು ಹೊಲದಜ್ಜಿ ಕೇಳುತ್ತಾಳೆ. ನಾನು ಹೋಗಲಿಲ್ಲ. ಅವಳ ಮುಖ ನೋಡುವ ಧೈರ್ಯ ಬರಲಿಲ್ಲ. ಅವಳು ಕೇಳುತ್ತಿದ್ದದ್ದು ಬೈಯಲಿಕ್ಕಾಗಿರಲಾರದು ಎಂಬುದು ನನಗೆ ಹೊಳೆದದ್ದು, ಒಂದು ವರ್ಷ ಕಾರ್ಡಿನಲ್ಲಿ ಆ ಸಾಲು ಇಲ್ಲದೇ ಹೋದಾಗ. ಕೇಳಿ ಬರೆದೆ. ಮಳೆಗಾಲದ ಚಳಿಜ್ವರಕ್ಕೆ ಹೋದಳಂತೆ.

ಈ ವರ್ಷವೂ ಮಳೆ ಚೆನ್ನಾಗಿ ಆಗಿದೆ. ಪೇಟೆಯ ಆ ವಾಸನೆ ವಾರವೆಲ್ಲ ಬಿಡಲಿಲ್ಲ. ಮೊನ್ನೆ ಭಾನುವಾರ ಆರು ವರ್ಷದ ಮೇಲೆ ಆ ಹೊಲಕ್ಕೆ ಹೋದೆ. ಅದೇ ಜಾಗದಲ್ಲಿ ಹೊಸ ಮಂಚಿಗೆ. ಮೇಲೆ ನನ್ನದೇ ವಯಸ್ಸಿನ ಒಬ್ಬ, ಖಾಲಿ ಡಬ್ಬಿ ಬಡಿಯುತ್ತಿದ್ದ.

"ಆಚಿ ಕಡಿ ತುಂಡು ಉಳಬ್ಯಾಡ್ರಿ, ಅಲ್ಲಿ ನಾಗರಹಾವು ಐತಂತ" ಎಂದೆ. ಅವಳ ಸುಳ್ಳು ಅವಳ ಮಾತಿನಲ್ಲೇ ನನ್ನ ಬಾಯಿಗೆ ಬಂತು.

ಅವನು ನಕ್ಕ. "ಮುದಿಕಿ ಹೋದ ವರ್ಸಾನ ಉತ್ತೀವಲ್ರಿ. ಯಾವ ಹಾವೂ ಹೊರಗ ಬರ್ಲಿಲ್ಲ."

ತೆಂಕಣ ಗಳಕ್ಕೆ ಬೆನ್ನು ಕೊಟ್ಟು ನಿಂತೆ. ಬನ್ನಿ ಮರ ಗುಡ್ಡದ ತಗ್ಗಿಗೆ ಹೋಗಿ ಕೂತಿತು. ಹೆಜ್ಜೆ ಎಣಿಸುತ್ತ ನಡೆದೆ. ಎಲ್ಲೂ ತಪ್ಪಲಿಲ್ಲ, ಈ ಸಲ ಜಾಗ ತಾನಾಗಿಯೇ ಸಿಕ್ಕಿತು. ಅಲ್ಲಿ ಎದೆಮಟ್ಟದ ಜೋಳ ನಿಂತಿತ್ತು, ಹಾಲುಗಟ್ಟಿದ ತೆನೆ. ಗುಲಾಬಿ ಮೈಯ ಹಿಂಡೊಂದು ಬಂದು ಇಳಿಯಿತು. ಹಿಂದಿನಿಂದ ಡಬ್ಬಿಯ ಸದ್ದು ಕೇಳಿದ್ದೇ ತಡ, ನಾನು ನೋಡಿ ಮುಗಿಸುವ ಮೊದಲೇ ಎದ್ದು ಹೋಯಿತು.