ಎರಡನೆಯ ಬ್ರೇಕು

ಉಮ್ಮಚಗಿಯಿಂದ ಯಲ್ಲಾಪುರದ ಕಚೇರಿಗೆ ದಿನವೂ ಬಸ್ಸಿನಲ್ಲಿ ನಿಂತು ಹೋಗಿ ಬೇಸತ್ತು, ಐವತ್ತರ ಹತ್ತಿರ ಬಂದ ಮೇಲೆ ನಾನು ಕಾರು ಕಲಿಯಲು ಹೊರಟೆ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತದೆ. ನಮ್ಮ ಮೇಷ್ಟ್ರು ಹಳಿಯಾಳದ ಕಡೆಯವರು, ಬಹಳ ಮೃದು ಮಾತಿನವರು. ನಾನು ಹೆದರಿದಾಗಲೆಲ್ಲ, "ಟೆನ್ಶನ್ ತಗೋಬ್ಯಾಡ್ರಿ ಮೇಡಮ್ಮಾರ, ನಾ ಅದೀನಲ್ರಿ" ಎನ್ನುತ್ತಿದ್ದರು. ಕಾರು ಒಂದು ದಿನವೂ ಎಂಜಿನ್ ನಿಂತು ಬಂದ್ ಬೀಳಲಿಲ್ಲ. ಏರಿಲ್ಲದ ಬಯಲು ಜಾಗದಲ್ಲಿ ನಡೆದ ಪರೀಕ್ಷೆಯೂ ಮುಗಿದು ಲೈಸೆನ್ಸ್ ಕೈಗೆ ಬಂತು. ನನಗೆ ಕಾರು ಬರುತ್ತದೆ ಎಂದೇ ನಂಬಿದ್ದೆ.

ಆಮೇಲೊಂದು ದಿನ ಇಡಗುಂದಿಯ ನೆಂಟರ ಮನೆಗೆ ನಮ್ಮದೇ ಕಾರಿನಲ್ಲಿ ಹೊರಟೆವು. ಪಕ್ಕದಲ್ಲಿ ಯಜಮಾನರು. ಹೆದ್ದಾರಿಯ ಏರಿನಲ್ಲಿ ಮುಂದಿನ ಲಾರಿ ನಿಂತಿತು, ನಾನೂ ನಿಲ್ಲಿಸಿದೆ. ಮತ್ತೆ ಹೊರಡಿಸಲು ಹೋದರೆ ಕಾರು ಬಂದ್ ಬಿತ್ತು. ಚಾಲೂ ಮಾಡಿದೆ, ಹಿಂದಕ್ಕೆ ಜಾರಿತು. ಹಿಂದೆ ಇನ್ನೊಂದು ಲಾರಿ ಹಾರ್ನ್ ಹೊಡೆಯುತ್ತಿತ್ತು.

"ಕ್ಲಚ್ ಬಿಡು. ಅಷ್ಟು ಜೋರಲ್ಲ. ಎಷ್ಟ್ ಸಲ ಹೇಳವು ನಿಂಗೆ?" ಎಂದು ಯಜಮಾನರು ಕೂಗಿದರು.

ಅವರು ಹೇಳಿದ್ದು ಅದೇ ಮೊದಲು. ಕಡೆಗೆ ಅವರೇ ಈಚೆ ಬಂದು ಕೂತು, ಒಂದೇ ಸಲಕ್ಕೆ ಕಾರನ್ನು ಏರು ಹತ್ತಿಸಿ, "ನೋಡು, ಇಷ್ಟೇಯ" ಎಂದರು. ಅವರ ಕಾಲು ಏನು ಮಾಡಿತೆಂದು ನನಗೆ ಕಾಣಲೇ ಇಲ್ಲ.

ಮರುದಿನ ಸ್ಕೂಲಿಗೆ ಹೋಗಿ, ಇಲ್ಲಿ ಬಂದ್ ಬೀಳದ ಕಾರು ಅಲ್ಲೇಕೆ ಬಿತ್ತು ಎಂದು ಮೇಷ್ಟ್ರನ್ನು ಕೇಳಿದೆ. ಅವರು ನಕ್ಕರು. "ಏರಿನ್ಯಾಗ ಕ್ಲಚ್ಚು, ಬ್ರೇಕು ನಾನೇ ಒತ್ತತಿದ್ನಿರಿ. ನಿಮಗ ಹೆದರಿಕಿ ಆಗಬಾರದು ಅಂತ."

"ಅದನ್ನ ನನಗೆ ಹೇಳಬಹುದಿತ್ತಲ್ಲ" ಎಂದೆ.

"ಹೇಳಿದ್ರ ನೀವು ಕಲೀತಿದ್ದಿಲ್ರಿ."

ಇಷ್ಟು ದಿನ ನಾನು ಬರೀ ಸ್ಟೇರಿಂಗ್ ಹಿಡಿದು ಕೂತಿದ್ದೆ ಎಂದಾಯಿತು. ಬೈಯಲೂ ಆಗದಷ್ಟು ಒಳ್ಳೆಯ ಮನುಷ್ಯ ಅವರು. ಅದೇ ಇನ್ನಷ್ಟು ಸಿಟ್ಟು ತರಿಸಿತು.

ಕಾರನ್ನು ಮುಟ್ಟುವುದಿಲ್ಲ ಎಂದು ಕೂತಿದ್ದಾಗ ಯಜಮಾನರ ಅಕ್ಕ ಬಂದರು. ಅತ್ತಿಗೆ ಕಾಲೇಜಿನಲ್ಲಿ ಪಾಠ ಮಾಡುವವರು, ಕಾರು ಓಡಿಸಿ ಅಭ್ಯಾಸವಿದ್ದವರು. ಸಂಜೆ ನನ್ನನ್ನು ಊರಾಚೆಯ ಖಾಲಿ ಏರಿಗೆ ಕರೆದೊಯ್ದು ಪಕ್ಕದಲ್ಲಿ ಕೈಕಟ್ಟಿ ಕೂತರು.

"ಹ್ಯಾಂಡ್‌ಬ್ರೇಕ್ ಎಳಕಂಡು ಕ್ಲಚ್ ನಿಧಾನ ಬಿಡು. ಗಾಡಿ ನಡುಗ್ತು. ಅಲ್ಲೇ ಕಾಲು ನಿಲ್ಸು."

ಕಾರು ಬಂದ್ ಬಿತ್ತು. ಮತ್ತೆ ಬಿತ್ತು. ಅತ್ತಿಗೆ ಕಟ್ಟಿದ ಕೈ ಬಿಚ್ಚಲಿಲ್ಲ. ನನಗೇ ರೇಗಿತು.

"ಎಂತಾರೂ ಹೇಳು ಅತ್ತಿಗೆ."

"ಆನು ಎಂತ ಹೇಳದು? ಈಗ ಬಂದ್ ಬಿದ್ದಿದ್ದು ಎಂತಕ್ಕೆ, ನೀ ಹೇಳು."

ಯೋಚಿಸಿದೆ. "ಗಾಡಿ ನಡುಗದ್ರೊಳಗೇ ಆನು ಕಾಲು ತೆಗದಿ."

"ಹಂಗಾರೆ ಇನ್ನೊಂದ್ ಸಲ ನೋಡು."

ಈ ಸಲ ಅಂಗಾಲಿನ ಕೆಳಗೆ ಆ ನಡುಕ ಸಿಕ್ಕಿತು. ಕಾಲನ್ನು ಅಲ್ಲೇ ತಡೆದು, ಎಕ್ಸಲರೇಟರ್ ಒತ್ತಿ, ಹ್ಯಾಂಡ್‌ಬ್ರೇಕ್ ಇಳಿಸಿದೆ. ಕಾರು ಜಾರದೆ ಮುಂದೆ ಹೋಯಿತು.

ಈಗ ಒಬ್ಬಳೇ ಕಚೇರಿಗೆ ಓಡಿಸುತ್ತೇನೆ. ಆದರೂ ಒಮ್ಮೊಮ್ಮೆ ಏರಿನಲ್ಲಿ ಕಾರು ನಿಂತರೆ ಹಳೆಯ ಸಿಟ್ಟು ಮರಳುತ್ತದೆ. ಒಂದು ಸಂಜೆಯಲ್ಲಿ ತಿಳಿಯುವಂಥದ್ದನ್ನು ಒಬ್ಬರು ಪ್ರೀತಿಯಿಂದ ಮುಚ್ಚಿಟ್ಟರು, ಇನ್ನೊಬ್ಬರು ಕೂಗಿ ಕೆಡಿಸಿದರು. ತಪ್ಪು ಮಾಡಲು ಬಿಟ್ಟು ಪಕ್ಕದಲ್ಲಿ ಸುಮ್ಮನೆ ಕೂರುವುದು ಅಷ್ಟೊಂದು ಕಷ್ಟವೇ?